ಲೆಕ್ಕಕ್ಕೆ ಸಿಗದ ದೀಪ

ನಿಮ್ಮ ಮನೆಯಲ್ಲಿ ಎಷ್ಟು ದೀಪಗಳಿವೆ ಎಂದು ಯಾರಾದರೂ ಕೇಳಿದರೆ ನೀವು ಕೂಡಲೇ ಬೆರಳು ಮಡಚತೊಡಗುತ್ತೀರಿ. ಜಗಲಿಯದೊಂದು, ನಡುಮನೆಯವು ಎರಡು, ಅಡುಗೆಮನೆಯದು, ಬಚ್ಚಲಿನದು, ಹಿತ್ತಿಲ ಬಾಗಿಲ ಮೇಲಿನದು. ದೇವರ ಮುಂದಿನ ನಂದಾದೀಪವನ್ನು ಸೇರಿಸಬೇಕೋ ಬೇಡವೋ ಎಂದು ಒಂದು ಕ್ಷಣ ಅನುಮಾನಿಸಿ ಅದನ್ನೂ ಸೇರಿಸಿಬಿಡುತ್ತೀರಿ. ಆದರೆ ಫ್ರಿಜ್ಜಿನ ಬಾಗಿಲು ತೆರೆದಾಗ ಹೊತ್ತಿಕೊಳ್ಳುವ ದೀಪವನ್ನಾಗಲಿ, ಓವನ್ನಿನ ಒಳಗೆ ಮೂಲೆಯಲ್ಲಿ ಕುಳಿತು ಬೇಯುತ್ತಲೇ ಉರಿಯುವ ದೀಪವನ್ನಾಗಲಿ ಯಾರೂ ಲೆಕ್ಕಕ್ಕೆ ತೆಗೆದುಕೊಂಡದ್ದನ್ನು ನಾನು ಕಂಡಿಲ್ಲ.

ಈ ಮಾತನ್ನು ನಾನು ಸ್ವಲ್ಪ ಅಧಿಕಾರದಿಂದಲೇ ಹೇಳಬಲ್ಲೆ. ಮೂವತ್ತೊಂದು ವರ್ಷ ವಿದ್ಯುತ್ ಇಲಾಖೆಯ ಲೆಕ್ಕಪತ್ರ ವಿಭಾಗದಲ್ಲಿ ಕುಳಿತು, ಜನರು ತಮ್ಮ ಮನೆಯ ದೀಪ, ಫ್ಯಾನು, ಪಂಪುಗಳ ಲೆಕ್ಕ ಬರೆದುಕೊಟ್ಟ ಅರ್ಜಿಗಳನ್ನು ಕಟ್ಟು ಕಟ್ಟು ನೋಡಿದವನು ನಾನು. ೧೯೯೯ರಲ್ಲಿ ಮಂಡಳಿ ಹೋಗಿ ನಿಗಮ ಬಂತು, ೨೦೦೨ರಲ್ಲಿ ವಿತರಣೆಗೆಂದು ಬೇರೆ ಬೇರೆ ಕಂಪನಿಗಳಾದವು. ಜನರ ಬಾಯಲ್ಲಿ ಮಾತ್ರ ಕೆಇಬಿ ಕೆಇಬಿಯಾಗಿಯೇ ಉಳಿದುಕೊಂಡಿದೆ. ನಾನೂ ಅವರ ಪಾಲಿಗೆ ಇಂದಿಗೂ ‘ಕರೆಂಟ್ ಆಫೀಸಿನವರು’. ಮದುವೆಮನೆಯಲ್ಲಿ ದೀಪ ಹೋದರೆ ಊಟದ ಪಂಕ್ತಿಯಲ್ಲಿ ಕುಳಿತವರೆಲ್ಲ ನನ್ನ ಕಡೆಗೆ ತಿರುಗುತ್ತಾರೆ. ಎಲೆಯ ಮುಂದೆ ಕುಳಿತು ಸಾರನ್ನ ಕಲಸುತ್ತಿರುವ ನಿವೃತ್ತ ಗುಮಾಸ್ತ ಎದ್ದು ಹೋಗಿ ಕಂಬ ಹತ್ತುತ್ತಾನೆಂದು ಅವರ ನಂಬಿಕೆ. ನಾನು ಯೂನಿಟ್ಟುಗಳನ್ನು ಕೂಡಿ ಕಳೆದವನೇ ಹೊರತು ತಂತಿ ಮುಟ್ಟಿದವನಲ್ಲ ಎಂದು ಹೇಳಿದರೆ ಅದನ್ನು ನನ್ನ ವಿನಯವೆಂದು ತಿಳಿಯುತ್ತಾರೆ.

ನನ್ನ ಅಕ್ಕನೂ ಹಾಗೆಯೇ ತಿಳಿದಳು. ಅವಳ ಓವನ್ನಿನ ದೀಪ ಹೋದ ದಿನ ಮೊದಲು ಹೇಳಿ ಕಳಿಸಿದ್ದು ನನಗೆ.

ಅಕ್ಕನಿರುವುದು ಸಾಗರದ ಅಂಚಿನಲ್ಲಿ, ಒಂದು ಹೆಂಚಿನ ಮನೆಯಲ್ಲಿ. ಭಾವ ತೀರಿಕೊಂಡ ಮೇಲೆ ಸುಮ್ಮನೆ ಕೂರುವ ಜಾತಿಯವಳಲ್ಲದ ಅವಳು ಕೇಕು, ಬ್ರೆಡ್ಡು, ಬಿಸ್ಕತ್ತು ಮಾಡಲು ಕಲಿತಳು. ಮೊದಮೊದಲು ನೆಂಟರ ಮನೆಗೆ, ಆಮೇಲೆ ಬೀದಿಯವರಿಗೆ, ಕೊನೆಗೆ ಪೇಟೆಯ ಎರಡು ಅಂಗಡಿಗಳಿಗೆ. ಚೀಟಿ ಎತ್ತಿದ ಹಣದಲ್ಲಿ ಹದಿನಾಲ್ಕು ವರ್ಷದ ಹಿಂದೆ ದೊಡ್ಡದೊಂದು ಕರೆಂಟಿನ ಓವನ್ ತಂದಳು. ಕಟ್ಟೆಯ ಮೇಲೆ ಮಿಕ್ಸಿಯ ಪಕ್ಕ ಕೂರುವ ಪುಟ್ಟ ಡಬ್ಬಿಯಲ್ಲ. ಅರವತ್ತು ಲೀಟರು ಮೀರಿದ, ಎರಡು ಗಾಜಿನ ಬಾಗಿಲಿನ, ಇಬ್ಬರು ಹಿಡಿದೆತ್ತಬೇಕಾದ ಆಸಾಮಿ. ರಾಗಿ ಬಿಸ್ಕತ್ತು, ಖಾರ ಬಿಸ್ಕತ್ತು, ಬಾಳೆಹಣ್ಣಿನ ಕೇಕು, ಮೊಟ್ಟೆಯಿಲ್ಲದ ಕೇಕು ಎಲ್ಲ ಅದರ ಹೊಟ್ಟೆಯಿಂದಲೇ ಹುಟ್ಟುತ್ತವೆ. ಅದರಿಂದ ಬರುವುದು ಬಹಳ ದೊಡ್ಡ ಮೊತ್ತವೇನಲ್ಲ. ಆದರೆ ಅವಳ ಔಷಧಿ, ದಿನಸಿ, ಕರೆಂಟು ಬಿಲ್ಲು, ಮದುವೆ ಮುಂಜಿಗಳ ಮುಯ್ಯಿ ಎಲ್ಲಕ್ಕೂ ಅವಳು ಯಾರ ಮುಂದೆಯೂ ಕೈ ಚಾಚದೆ ಇರುವುದಕ್ಕೆ ಸಾಕಾಗುವಷ್ಟು.

ಇಷ್ಟೇ ಆಗಿದ್ದರೆ ಒಂದು ದೀಪ ಹೋದದ್ದಕ್ಕೆ ಅಂಥ ಮಹತ್ವವೇನೂ ಇರುತ್ತಿರಲಿಲ್ಲ. ವಿಷಯವೆಂದರೆ ಅಕ್ಕನಿಗೆ ಕಿವಿ ಕೇಳುವುದಿಲ್ಲ. ಐವತ್ತು ದಾಟಿದ ಮೇಲೆ ಸ್ವಲ್ಪ ಸ್ವಲ್ಪವಾಗಿ ಹೋಗುತ್ತ ಬಂದು ಈಗ ಎಡಗಿವಿ ಪೂರ್ತಿ, ಬಲಗಿವಿ ಮುಕ್ಕಾಲು ಹೋಗಿದೆ. ಕಿವಿಯ ಯಂತ್ರವಿದೆ. ಆದರೆ ಅದು ಮನುಷ್ಯರ ಮಾತನ್ನು ಎಷ್ಟು ದೊಡ್ಡದು ಮಾಡುತ್ತದೋ ಮಿಕ್ಸಿಯ ಅರಚಾಟವನ್ನೂ ಅಷ್ಟೇ ದೊಡ್ಡದು ಮಾಡುವುದರಿಂದ, ಅಡುಗೆಮನೆಗೆ ಹೋಗುವಾಗ ಅದನ್ನು ತೆಗೆದು ದೇವರ ಗೂಡಿನಲ್ಲಿಟ್ಟು ಹೋಗುತ್ತಾಳೆ. ಹೊತ್ತಾಯಿತೆಂದು ಓವನ್ ಬಾರಿಸುವ ಗಂಟೆ ನಮಗೆಲ್ಲ ಕೇಳುತ್ತದೆ. ಅದು ಯಾರಿಗಾಗಿ ಬಾರಿಸುತ್ತಿದೆಯೋ ಅವಳಿಗೆ ಕೇಳುವುದಿಲ್ಲ. ಆದ್ದರಿಂದ ಅಕ್ಕ ಕಣ್ಣಿನಲ್ಲಿ ಬೇಯಿಸುತ್ತಾಳೆ. ಓವನ್ನಿನ ಮುಂದೆ ಒಂದು ಮಣೆ ಹಾಕಿಕೊಂಡು, ಮಡಿಲಲ್ಲಿ ಸೊಪ್ಪನ್ನೋ ಅವರೆಕಾಯಿಯನ್ನೋ ಬಿಡಿಸುತ್ತ, ಆಗಾಗ ಗಾಜಿನೊಳಗೆ ನೋಡುತ್ತಾಳೆ. ಅಂಚು ತಟ್ಟೆಯನ್ನು ಬಿಟ್ಟಿತೇ, ನಡುವೆ ಉಬ್ಬಿತೇ, ಬಿಸ್ಕತ್ತಿನ ಬಣ್ಣ ಅಡಿಕೆಯ ಸಿಪ್ಪೆಯಷ್ಟಾಯಿತೇ, ಬೆಲ್ಲದಷ್ಟಾಯಿತೇ? ಹದಿನಾಲ್ಕು ವರ್ಷ ಆ ಹಳದಿ ಬೆಳಕಿನಲ್ಲಿ ನೋಡಿ ನೋಡಿ ಅವಳ ಕಣ್ಣಿಗೆ ಬಣ್ಣದ ಒಂದು ಮಗ್ಗಿಯೇ ಬಾಯಿಪಾಠವಾಗಿದೆ.

ಆಷಾಢದ ಮಳೆ ಜಡಿ ಹಿಡಿದಿದ್ದ ಒಂದು ವಾರ ಆ ದೀಪ ಕಣ್ಣು ಮಿಟುಕಿಸತೊಡಗಿತು. ಬಾಗಿಲನ್ನು ಸ್ವಲ್ಪ ತಟ್ಟಿದರೆ ಹೊತ್ತುವುದು, ಕಾವೇರಿದ ಮೇಲೆ ಆರುವುದು. ಒಂದು ದಿನ ಆರಿದ್ದು ಮತ್ತೆ ಹೊತ್ತಲಿಲ್ಲ.

ಓವನ್ನಿನ ಮಿಕ್ಕ ಅವಯವಗಳೆಲ್ಲ ಸರಿಯಾಗಿದ್ದವು. ಕಾವು ಬರುತ್ತಿತ್ತು, ಗಂಟೆ ಬಾರಿಸುತ್ತಿತ್ತು. ಆದರೆ ಅಕ್ಕ ಕುರುಡಾಗಿ ಬೇಯಿಸಬೇಕಾಯಿತು. ನೋಡಬೇಕೆಂದರೆ ಬಾಗಿಲು ತೆರೆಯಬೇಕು. ತೆರೆದರೆ ಒಳಗಿನ ಬಿಸಿಗಾಳಿ ಬಡಿದುಕೊಂಡು ಹೊರಗೆ ಬರುತ್ತದೆ. ಹಿಟ್ಟಿನ ಪಿಷ್ಟ ಬೆಂದು ಗಟ್ಟಿಯಾಗುವ ಮೊದಲೇ ಹೀಗೆ ಕಾವು ತಪ್ಪಿದರೆ ಒಳಗೆ ಹಿಗ್ಗಿದ ಗಾಳಿ ಕುಗ್ಗಿ ಕೇಕಿನ ನಡುಭಾಗ ಕೆರೆಯ ಅಂಗಳದಂತೆ ಕುಸಿಯುತ್ತದೆ. ತೆರೆಯದೆ ಕುಳಿತರೆ ತಳ ಕರಿಕು. ಮೊಬೈಲಿನ ಟಾರ್ಚು ಹಿಡಿದು ನೋಡೆಂದು ಪಕ್ಕದ ಮನೆಯ ಹುಡುಗಿ ಉಪಾಯ ಹೇಳಿಕೊಟ್ಟಳು. ಹೊರಗಿನಿಂದ ಬಿಟ್ಟ ಬೆಳಕು ಎರಡು ಗಾಜಿಗೂ ಬಡಿದು ನೋಡುವವರ ಕಣ್ಣಿಗೇ ಹಿಂದಿರುಗುತ್ತದೆ; ಒಳಗಿನದು ಕಂಡಷ್ಟೂ ಆ ಬಿಳಿಯ ಬೆಳಕಿನಲ್ಲಿ ಬಣ್ಣ ಬೇರೆಯಾಗಿ ಕಾಣುತ್ತದೆ. ಅಕ್ಕನ ಮಗ್ಗಿ ಅಲ್ಲಿ ತಾಳೆಯಾಗಲಿಲ್ಲ. ಎರಡು ವಾರದಲ್ಲಿ ನಾಲ್ಕು ತಟ್ಟೆ ಬಿಸ್ಕತ್ತು ದನದ ಬಾನಿಗೆ ಹೋಯಿತು. ಅತ್ತ ಶಾಲೆಯೊಂದು ಆಗಸ್ಟ್ ೧೫ಕ್ಕೆ ಮಕ್ಕಳಿಗೆ ಹಂಚಲು ಮುನ್ನೂರು ಪೊಟ್ಟಣ ಬಿಸ್ಕತ್ತು ಬೇಕೆಂದು ಮುಂಗಡ ಕೊಟ್ಟುಹೋಗಿತ್ತು.

ಓವನ್ ಕೊಂಡ ಅಂಗಡಿಗೆ ನಾನೇ ಹೋಗಿ ಕೇಳಿದೆ. ಆ ಮಾದರಿ ಈಗ ಬರುತ್ತಿಲ್ಲವೆಂದೂ, ಬಿಡಿಭಾಗ ಸಿಗುವುದಿಲ್ಲವೆಂದೂ, ಹೊಸದನ್ನೇ ತೆಗೆದುಕೊಳ್ಳುವುದು ಲೇಸೆಂದೂ ಅಲ್ಲಿಯ ಯುವಕ ಬಹಳ ಸಭ್ಯವಾಗಿ ತಿಳಿಸಿದ. ಒಂದು ಬಲ್ಬಿಗಾಗಿ ಓವನ್ ಬದಲಿಸುವುದೆಂದರೆ ಮೂಗುಬೊಟ್ಟು ಕಳೆದುಹೋಯಿತೆಂದು ಮೂಗನ್ನೇ ಬದಲಿಸಿದಂತೆ. ನಾನು ಏನೂ ಹೇಳದೆ ಛತ್ರಿ ಬಿಚ್ಚಿಕೊಂಡು ಬಂದೆ.

ಇದರ ನಡುವೆ ಬೆಂಗಳೂರಿನಿಂದ ಅಕ್ಕನ ಮಗ ವಿಡಿಯೋ ಕರೆ ಮಾಡಿದ. ತುಟಿ ನೋಡಿ ಮಾತು ತಿಳಿದುಕೊಳ್ಳುವ ಅಕ್ಕನಿಗೆ ಈ ವಿಡಿಯೋ ಕರೆಯೆಂಬುದು ದೇವರು ಕೊಟ್ಟ ವರ. “ಅಮ್ಮಾ, ಇನ್ನು ಸಾಕು ಮಾಡು. ಓವನ್ನಿಗೂ ವಯಸ್ಸಾಯ್ತು, ನಿಂಗೂ ವಯಸ್ಸಾಯ್ತು. ಮನೆ ಬಾಗಿಲು ಹಾಕ್ಕೊಂಡು ಇಲ್ಲಿಗೆ ಬಂದುಬಿಡು” ಎಂದ. ಅವನು ಕೆಟ್ಟ ಮಗನೇನಲ್ಲ. ಕಿವಿ ಕೇಳದ ತಾಯಿ ಇನ್ನೂರು ಡಿಗ್ರಿ ಕಾವಿನ ಪೆಟ್ಟಿಗೆಯ ಮುಂದೆ ಒಂಟಿಯಾಗಿ ಕೂರುವುದನ್ನು ನೆನೆದು ರಾತ್ರಿ ನಿದ್ದೆಗೆಡುವ ಮಗ. ಮೂರು ವರ್ಷದಿಂದ ಇದನ್ನೇ ಹೇಳುತ್ತಿದ್ದವನಿಗೆ ಈ ಸಲ ಒಂದು ನೆವ ಸಿಕ್ಕಿತ್ತು.

“ಬಲ್ಬ್ ಹೋಯ್ತು ಅಂತ ಯಾರಾದ್ರೂ ಮನೆ ಬಿಡ್ತಾರೇನೋ?” ಎಂದಳು ಅಕ್ಕ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಒಂದು ಸಲ ಬಿಟ್ಟಾಗಿದೆ” ಎಂದಳು.

ಅದರರ್ಥ ಆ ಹುಡುಗನಿಗೆ ಆಯಿತೋ ಇಲ್ಲವೋ, ಪಕ್ಕದಲ್ಲಿ ಕುಳಿತಿದ್ದ ನನಗೆ ಆಯಿತು. ಜೋಗದ ಕೆಳಗೆ ವಿದ್ಯುತ್ತು ಹುಟ್ಟತೊಡಗಿದ್ದು ೧೯೪೮ರ ಹೊತ್ತಿಗೆ. ಅದು ಸಾಲದೆಂದು ಶರಾವತಿಗೆ ಲಿಂಗನಮಕ್ಕಿಯಲ್ಲಿ ಕಟ್ಟೆ ಕಟ್ಟಿದರು. ೧೯೬೪ರಲ್ಲಿ ಅದು ಮುಗಿಯಿತು. ಹಿನ್ನೀರು ಹಬ್ಬಿದ ಕಡೆಯಲ್ಲೆಲ್ಲ ಊರುಗಳಿದ್ದವು. ಅವುಗಳಲ್ಲಿ ನಮ್ಮದೂ ಒಂದು. ಆಗ ನನಗೆ ಏಳು ವರ್ಷ, ಅಕ್ಕನಿಗೆ ಹನ್ನೊಂದು. ಗಾಡಿಯ ಮೇಲೆ ಕಡೆಗೋಲಿನ ಕಂಬ, ಒರಳುಕಲ್ಲು, ದೇವರ ಪೆಟ್ಟಿಗೆ ಹೇರಿಕೊಂಡು ನಾವು ಹೊರಟಾಗ ಅಕ್ಕನ ಕೈಯಲ್ಲಿದ್ದದ್ದು ಒಂದು ಚಿಮಣಿ ಬುಡ್ಡಿ. ನಾಡಿಗೆಲ್ಲ ಬೆಳಕಾಗುವುದಕ್ಕಾಗಿ ಹೊರಟ ಗಾಡಿಗಳಲ್ಲಿ ಚಿಮಣಿ ಎಣ್ಣೆಯ ನಾತವಿತ್ತು. ಹೊಸದಾಗಿ ಹೋಗಿ ನಿಂತ ಜಾಗಕ್ಕೆ ಕಂಬ ಬರುವುದಕ್ಕೆ ಮತ್ತೆ ಎಷ್ಟೋ ವರ್ಷ ಹಿಡಿಯಿತು. ಅಷ್ಟರಲ್ಲಿ ಅಕ್ಕ ಅದೇ ಬುಡ್ಡಿಯ ಬೆಳಕಿನಲ್ಲಿ ಓದಿ ಎಸ್ಸೆಸ್ಸೆಲ್ಸಿ ಮುಗಿಸಿದ್ದಳು.

ಓವನ್ ಬಲ್ಬಿನ ಕೆಲಸ ನನ್ನ ತಲೆಗೆ ಗಟ್ಟಿಯಾಗಿ ಕುಳಿತದ್ದು ಆ ಮಾತು ಕೇಳಿದ ಮೇಲೆಯೇ.

ಮೊದಲು ಹೋದದ್ದು ಪೇಟೆಯ ವಿದ್ಯುತ್ ಸಾಮಾನಿನ ಅಂಗಡಿಗೆ. ಅಲ್ಲಿಯ ಹುಡುಗ, “ಎಲ್‌ಇಡಿ ಹಾಕಿಬಿಡಿ ಸರ್, ಜನ್ಮಕ್ಕಾಗತ್ತೆ” ಎಂದ. ಎಲ್‌ಇಡಿಯ ಮೇಲೆ ನನಗೂ ಗೌರವವಿದೆ. ೨೦೧೫ರಲ್ಲಿ ಉಜಾಲಾ ಯೋಜನೆಯಡಿ ಅಗ್ಗದ ಎಲ್‌ಇಡಿ ಬಲ್ಬು ಹಂಚತೊಡಗಿದ ಮೇಲೆ ಮನೆಮನೆಯ ಬಿಲ್ಲು ಇಳಿದದ್ದನ್ನು ಲೆಕ್ಕದ ಪುಸ್ತಕದಲ್ಲೇ ಕಂಡವನು ನಾನು. ಆದರೆ ಎಲ್‌ಇಡಿಗೆ ತಣ್ಣಗಿರಬೇಕು. ಅದರ ಬುಡದಲ್ಲಿರುವ ಸಣ್ಣ ಸರ್ಕ್ಯೂಟಿನ ಕೆಪಾಸಿಟರುಗಳು ಸಾಮಾನ್ಯವಾಗಿ ೧೦೫ ಡಿಗ್ರಿ ಸೆಲ್ಸಿಯಸ್ ತನಕ ತಾಳಿಕೊಳ್ಳುವಂಥವು. ಓವನ್ನಿನಲ್ಲಿ ಅದರ ಹೆಚ್ಚುಕಡಿಮೆ ಎರಡು ಪಟ್ಟು ಕಾವು. ಮೇಲಿನ ಪ್ಲಾಸ್ಟಿಕ್ ಚಿಪ್ಪಂತೂ ಕೇಕಿನ ಮೇಲೆಯೇ ಇಳಿದುಬರುತ್ತದೆ. ಯುರೋಪಿನಲ್ಲಿ ೨೦೦೯ರಿಂದ ೨೦೧೨ರೊಳಗೆ ಹಳೆಯ ತಂತುವಿನ ಬಲ್ಬುಗಳನ್ನು ಹಂತಹಂತವಾಗಿ ಮಾರುಕಟ್ಟೆಯಿಂದ ಹೊರಗೆ ಹಾಕಿದಾಗಲೂ ಓವನ್ನಿನ ಬಲ್ಬಿಗೆ ವಿನಾಯಿತಿ ಕೊಟ್ಟರು. ಲೋಕವೆಲ್ಲ ಮನೆಯಿಂದಾಚೆ ಹಾಕಿದ ಮುದುಕನಿಗೆ ಕುದಿಯುವ ಒಲೆಯೊಳಗೆ ಮಾತ್ರ ಒಂದು ಕೆಲಸ ಉಳಿದಿದೆ, ಏಕೆಂದರೆ ಅಲ್ಲಿ ನಿಲ್ಲಬಲ್ಲವನು ಅವನೊಬ್ಬನೇ.

ಇದರಲ್ಲೊಂದು ಸ್ವಾರಸ್ಯವಿದೆ. ಟಂಗ್‌ಸ್ಟನ್ ಕರಗುವುದು ೩೪೨೨ ಡಿಗ್ರಿಯಲ್ಲಿ. ಬಲ್ಬು ಉರಿಯುವಾಗ ಅದರೊಳಗಿನ ತಂತು ಎರಡು ಸಾವಿರ ಡಿಗ್ರಿಗೂ ಮೇಲಿರುತ್ತದೆ. ಅಂಥದಕ್ಕೆ ಓವನ್ನಿನ ಇನ್ನೂರು ಡಿಗ್ರಿ ಮಾಘಮಾಸದ ಬಿಸಿಲಿದ್ದ ಹಾಗೆ. ಒಲೆಯ ಕಾವಿಗೆ ಸೋಲುವುದು ತಂತುವಲ್ಲ, ಕೂಡಿಸಿದ ಜಾಗಗಳು: ಗಾಜಿಗೂ ಲೋಹದ ಬುಡಕ್ಕೂ ನಡುವಿನ ಅಂಟು, ತಂತಿ ತುದಿಯ ಬೆಸುಗೆ, ತಂತಿಯ ಮೇಲಿನ ಹೊದಿಕೆ. ಓವನ್ನಿಗೆಂದೇ ಮಾಡಿದ ಬಲ್ಬಿನಲ್ಲಿ ಆ ಅಂಟು, ಆ ಬೆಸುಗೆ ಬೇರೆಯೇ ಇರುತ್ತವೆ; ಅದರ ಮೇಲೆ ೩೦೦ ಡಿಗ್ರಿ ಎಂದು ಬರೆದಿರುತ್ತದೆ. ಸಾಮಾನ್ಯ ಬಲ್ಬನ್ನು ಅಲ್ಲಿ ಹಾಕಿದರೆ ಬುಡ ಸಡಿಲಿ ಗಾಜೇ ಕಳಚಿಕೊಳ್ಳಬಹುದು.

ಆಮೇಲೆ ನಾನು ಹೋದದ್ದು ರೇಡಿಯೋ ಸಾಹೇಬರ ಹತ್ತಿರ. ಅವರ ಹೆಸರು ಬೇರೆ ಇದೆ. ಊರಿಗೆಲ್ಲ ಅವರು ರೇಡಿಯೋ ಸಾಹೇಬರು. ಕವಾಟದ ರೇಡಿಯೋದಿಂದ ಟ್ರಾನ್ಸಿಸ್ಟರಿಗೆ, ಅಲ್ಲಿಂದ ಟೇಪ್‌ರೆಕಾರ್ಡರಿಗೆ, ಟಿ.ವಿ.ಗೆ ಬಂದು, ಈಗ ರಿಪೇರಿಗೆ ಬರುವ ವಸ್ತುಗಳೇ ಇಲ್ಲವಾದ್ದರಿಂದ ಸಂಜೆ ಹೊತ್ತು ಅಂಗಡಿಯ ಮುಂದೆ ಚಹಾ ಕುಡಿಯುತ್ತ ಕೂರುತ್ತಾರೆ. ವಿಷಯ ಹೇಳಿದೆ. ಅವರು ಕೇಳಿದ ಮೊದಲ ಪ್ರಶ್ನೆ: “ಒಮ್ಮೆಲೇ ಹೋಯ್ತೋ, ಮಿಟುಕಿ ಮಿಟುಕಿ ಹೋಯ್ತೋ?”

“ಮಿಟುಕಿ ಮಿಟುಕಿ.”

“ಹಾಗಾದ್ರೆ ಬಲ್ಬ್ ಸತ್ತಿಲ್ಲ. ಬಲ್ಬ್ ಸಾಯೋದಾದ್ರೆ ಸ್ವಿಚ್ ಹಾಕಿದ ಕ್ಷಣಕ್ಕೆ ಪಟ್ ಅಂತ ಸಾಯತ್ತೆ. ನಡೀರಿ, ನೋಡೋಣ.”

ಇದಕ್ಕೆ ಕಾರಣವನ್ನೂ ದಾರಿಯಲ್ಲೇ ವಿವರಿಸಿದರು. ಹದಿನೈದು ವ್ಯಾಟಿನ ಬಲ್ಬು ಉರಿಯುತ್ತಿರುವಾಗ ಅದರ ತಡೆ ಸುಮಾರು ೩೫೦೦ ಓಮ್. ಆದರೆ ತಣ್ಣಗಿರುವಾಗ ಅದರ ಹತ್ತನೆಯ ಒಂದು ಪಾಲಿಗಿಂತಲೂ ಕಡಿಮೆ. ಸ್ವಿಚ್ ಹಾಕಿದ ಕ್ಷಣದಲ್ಲಿ ತಡೆಯುವವರಿಲ್ಲದೆ ಕರೆಂಟು ನುಗ್ಗುತ್ತದೆ. ಸವೆದ ತಂತು ಹರಿಯುವುದು ಆಗಲೇ. ಮೂವತ್ತೊಂದು ವರ್ಷ ವ್ಯಾಟುಗಳ ನಡುವೆ ಬಾಳಿದ ನನಗೆ ಇದನ್ನು ಯಾರೂ ಹೀಗೆ ಹೇಳಿರಲಿಲ್ಲ.

ಅಕ್ಕನ ಮನೆಗೆ ಬಂದವರು ಮಾಡಿದ ಮೊದಲ ಕೆಲಸ ಓವನ್ನಿನ ಪ್ಲಗ್ಗು ಕಿತ್ತದ್ದು. ಕಿತ್ತು, ಅದನ್ನು ಎಲ್ಲರಿಗೂ ಕಾಣುವಂತೆ ಓವನ್ನಿನ ತಲೆಯ ಮೇಲೆ ಇಟ್ಟರು. ಸ್ವಿಚ್ ಆರಿಸಿದರೆ ಸಾಲದೇ ಎಂದು ಕೇಳಿದೆ. ಗೋಡೆಯ ಸ್ವಿಚ್ಚನ್ನು ಯಾರೋ ತಿಳಿಯದವರು ಫೇಸಿಗೆ ಬದಲು ನ್ಯೂಟ್ರಲ್ಲಿಗೆ ಕೂಡಿಸಿದ್ದರೆ, ಸ್ವಿಚ್ ಆರಿಸಿದ ಮೇಲೂ ಒಳಗೆ ಫೇಸು ಜೀವಂತವಾಗಿ ಕುಳಿತಿರುತ್ತದಂತೆ. “ಕಣ್ಣ ಮುಂದೆ ಪ್ಲಗ್ಗಿದ್ರೆ ಯಾರನ್ನೂ ನಂಬೋದು ಬೇಡ ನೋಡಿ” ಎಂದರು. ಮಾತಾಡುವಾಗ ಅವರು ಅಕ್ಕನ ಕಡೆಗೇ ಮುಖ ಮಾಡಿ, ಬಾಯಿ ತೆರೆದು, ನಿಧಾನವಾಗಿ ಮಾತಾಡಿದರು. ಅವಳಿಗೆ ಕಿವಿ ಕೇಳುವುದಿಲ್ಲವೆಂದು ನಾನು ದಾರಿಯಲ್ಲಿ ಒಮ್ಮೆ ಹೇಳಿದ್ದೆ, ಅಷ್ಟೇ.

ಓವನ್ನಿನ ಒಳಗೆ, ಹಿಂಬದಿಯ ಮೇಲು ಮೂಲೆಯಲ್ಲಿ, ದೀಪಕ್ಕೊಂದು ದಪ್ಪ ಗಾಜಿನ ಗುಬುಟು. ಹದಿನಾಲ್ಕು ವರ್ಷದ ಬೆಣ್ಣೆ, ಎಣ್ಣೆಗಳ ಹಬೆ ಅದರ ತಿರುಪಿನಲ್ಲಿ ಕೂತು ಬೆಂದು ಅರಗಾಗಿಬಿಟ್ಟಿತ್ತು. ಬರಿಗೈಗೆ ಜಾರುತ್ತಿತ್ತು. ಸಾಹೇಬರು ಅಕ್ಕನ ಪಾತ್ರೆ ತೊಳೆಯುವ ರಬ್ಬರಿನ ಕೈಚೀಲ ಕೇಳಿ ಹಾಕಿಕೊಂಡು, ಗಾಜನ್ನು ಅಂಗೈಯಲ್ಲಿ ಅಪ್ಪಿ ಹಿಡಿದು, ಎಡಕ್ಕೆ ಹಿತವಾಗಿ ಒತ್ತಿದರು. ಮೂರನೆಯ ಸಲಕ್ಕೆ ಅದು ಕಿರಿಕ್ಕೆಂದು ಒಪ್ಪಿಕೊಂಡಿತು. ಅಕ್ಕ ಅದನ್ನು ಬಿಸಿನೀರು, ಸೋಡಾಪುಡಿಯಲ್ಲಿ ನೆನೆಹಾಕಿದಳು. ಬಲ್ಬು ಹೊರಗೆ ಬಂತು. ನಮ್ಮ ಮನೆಗಳ ಎರಡು ಕಿವಿಯ ಪಿನ್ನಿನ ಬಲ್ಬಲ್ಲ. ಹದಿನಾಲ್ಕು ಮಿಲಿಮೀಟರು ಬುಡದ ತಿರುಪಿನ ಬಲ್ಬು. ಅದನ್ನು ಇ-೧೪ ಎನ್ನುತ್ತಾರೆ. ಇ ಎಂದರೆ ಎಡಿಸನ್.

ಸಾಹೇಬರ ಮೀಟರು ಹಳೆಯ ಮುಳ್ಳಿನ ಮೀಟರು. ಈಗಿನವು ಸಂಪರ್ಕ ಸಿಕ್ಕರೆ ಬೀಪ್ ಎನ್ನುತ್ತವೆ. ಅವರದಕ್ಕೆ ಬಾಯಿಲ್ಲ, ಮುಳ್ಳು ಮಾತ್ರ ಏಳುತ್ತದೆ. ಅದು ಆ ಮನೆಗೆ ಹೇಳಿ ಮಾಡಿಸಿದಂತಿತ್ತು. ಬಲ್ಬಿನ ಬುಡಕ್ಕೆ ಎರಡು ಸೂಜಿ ತಾಗಿಸಿದರು. ಮುಳ್ಳು ಎದ್ದು ನಿಂತಿತು.

“ಬದುಕಿದೆ!” ಎಂದಳು ಅಕ್ಕ, ನಮಗಿಂತ ಮೊದಲು.

ಓವನ್ನನ್ನು ನಾವಿಬ್ಬರೂ ಮುಂದಕ್ಕೆ ಎಳೆದು ಬೆನ್ನಿನ ತಗಡು ಬಿಚ್ಚಿದೆವು. ಹೋಲ್ಡರಿನ ಹಿಂದೆ ಎರಡು ತಂತಿ. ಒಂದರ ತುದಿಗೂ ಹೋಲ್ಡರಿನ ತಿರುಪಿಗೂ ಸೂಜಿ ತಾಗಿಸಿದಾಗ ಮುಳ್ಳು ಎದ್ದಿತು. ಇನ್ನೊಂದರ ತುದಿಗೂ ಹೋಲ್ಡರಿನ ನಡುವಿನ ನಾಲಗೆಗೂ ತಾಗಿಸಿದಾಗ ಏಳಲಿಲ್ಲ. ಸಾಹೇಬರು ಸೂಜಿಯಿಂದ ನಾಲಗೆಯನ್ನು ಮೆಲ್ಲಗೆ ಕೆದಕಿದರು. ಕಪ್ಪು ಹಸಿರು ಕಿಲುಬು ಉದುರಿತು. ಬೆನ್ನ ಕಡೆ ಅದಕ್ಕೆ ಕೂಡಿಸಿದ್ದ ತಂತಿಯ ಹೊದಿಕೆ ಕಂದಿ, ಒಣಗಿದ ಹುಣಸೆ ಸಿಪ್ಪೆಯಂತೆ ಮುರಿಯುತ್ತಿತ್ತು.

ಆದದ್ದು ಇಷ್ಟು. ಹಿತ್ತಾಳೆಯ ಆ ನಾಲಗೆ ಸ್ಪ್ರಿಂಗಿನಂತೆ ಎದ್ದು ಬಲ್ಬಿನ ಬುಡವನ್ನು ಒತ್ತಿ ಹಿಡಿಯಬೇಕು. ವರ್ಷಗಟ್ಟಲೆ ಕಾದು ತಣಿದು ಅದರ ಬಿಗಿ ಹೋಯಿತು. ಒಳಗೆ ಬ್ರೆಡ್ಡಿನ ಹಬೆ, ಹೊರಗೆ ನಮ್ಮ ಮಲೆನಾಡಿನ ಮಳೆಗಾಲದ ತೇವ. ಲೋಹಕ್ಕೆ ಕಿಲುಬು ಹಿಡಿಯಿತು. ಸಡಿಲವಾದಲ್ಲಿ ಸಣ್ಣ ಕಿಡಿ, ಕಿಡಿಯಿಂದ ಕಾವು, ಕಾವಿನಿಂದ ಇನ್ನಷ್ಟು ಕಿಲುಬು, ಅದರಿಂದ ಇನ್ನಷ್ಟು ಸಡಿಲ. ಒಂದು ಮನೆಯ ಜಗಳ ಬೆಳೆಯುವ ಕ್ರಮವೂ ಹೆಚ್ಚುಕಡಿಮೆ ಇದೇ ಎಂದು ನನಗನ್ನಿಸಿತು. ಅಲ್ಲಿಯೂ ಯಾರೂ ಕೆಟ್ಟವರಿರುವುದಿಲ್ಲ. ಕೂಡುವ ಜಾಗ ಕೆಟ್ಟಿರುತ್ತದೆ.

“ಈ ನಾಲಿಗೆ ಎತ್ತಿ, ಉಜ್ಜಿ ಕೊಡಬಹುದು. ನಾಕು ದಿನ ಉರಿಯತ್ತೆ, ಮತ್ತೆ ಇದೇ ಕಥೆ” ಎಂದರು ಸಾಹೇಬರು. “ಹೊಸ ಹೋಲ್ಡರ್ ಬೇಕು. ಪಿಂಗಾಣೀದು.”

ಅದು ನಮ್ಮ ಪೇಟೆಯಲ್ಲಿ ಸಿಗುವ ವಸ್ತುವಲ್ಲ. ಬೆಂಗಳೂರಿನ ಎಸ್.ಜೆ.ಪಿ. ರಸ್ತೆಯ ಕಡೆ ಸಿಗುತ್ತದೆಂದರು. ಒಂದು ಚೀಟಿಯಲ್ಲಿ ಬರೆದುಕೊಟ್ಟರು: ಇ-೧೪ರ ಪಿಂಗಾಣಿ ಹೋಲ್ಡರು, ಎರಡು ತಿರುಪಿನ ನಡುವೆ ಇಷ್ಟು ಅಂತರ, ೩೦೦ ಡಿಗ್ರಿಯ ಹದಿನೈದು ವ್ಯಾಟ್ ಬಲ್ಬು, ಗಾಜಿನ ನೂಲು ಹೆಣೆದ ತೋಳಿರುವ ಸಿಲಿಕೋನ್ ತಂತಿ ಒಂದು ಮೀಟರು, ಒತ್ತಿ ಕೂಡಿಸುವ ತಾಮ್ರದ ಲಗ್ಗು ನಾಲ್ಕು. ಮನೆಯ ಗೋಡೆಯೊಳಗಿನ ಸಾಮಾನ್ಯ ತಂತಿಯ ಪಿವಿಸಿ ಹೊದಿಕೆ ೭೦ ಡಿಗ್ರಿಗೆ ಮಾತ್ರ. ಸಿಲಿಕೋನಿನದು ೧೮೦ರ ತನಕ ತಡೆಯುತ್ತದೆ.

ಚೀಟಿಯನ್ನು ಯಾರಿಗೆ ಕಳಿಸುವುದು? ಬೆಂಗಳೂರಿನಲ್ಲಿ ನಮಗಿರುವುದು ಅಕ್ಕನ ಮಗನೊಬ್ಬನೇ. ಓವನ್ ಕೆಟ್ಟದ್ದೇ ಒಳ್ಳೆಯದಾಯಿತೆಂದು ಎಣಿಸಿದವನಿಗೆ ಅದನ್ನು ಸರಿಮಾಡುವ ಸಾಮಾನು ತಾ ಎಂದು ಹೇಳುವುದು ಹೇಗೆ? ಅಕ್ಕ ತಾನಾಗಿ ಕೇಳಲಿಲ್ಲ. ನಾನು ಚೀಟಿಯ ಫೋಟೋ ತೆಗೆದು ಅವನಿಗೆ ಕಳಿಸಿ, ಕೆಳಗೆ ಒಂದೇ ಸಾಲು ಬರೆದೆ: ‘ಆಗಸ್ಟ್ ಹದಿನೈದಕ್ಕೆ ಮುನ್ನೂರು ಪೊಟ್ಟಣವಿದೆ.’ ಎರಡು ದಿನ ಉತ್ತರವಿಲ್ಲ. ಮೂರನೆಯ ದಿನ ರಾತ್ರಿ ಬಸ್ಸಿಗೆ ಪಾರ್ಸೆಲ್ ಹಾಕಿದ್ದೇನೆಂದು ಬಂತು. ಬೆಳಿಗ್ಗೆ ಬಸ್‌ಸ್ಟ್ಯಾಂಡಿಗೆ ಹೋಗಿ ತಂದು ಬಿಚ್ಚಿದರೆ ಹೋಲ್ಡರು ಎರಡು, ಬಲ್ಬು ನಾಲ್ಕು, ತಂತಿ ಮೂರು ಮೀಟರು. ಜೊತೆಗೆ ಕಪಾಟಿನ ಮೇಲೆ ಇಡುವಂಥ ಒಂದು ಸಣ್ಣ ಯಂತ್ರ. ಹೊತ್ತಾದಾಗ ಬಾರಿಸುವ ಬದಲು ಕೆಂಪಗೆ ಮಿಂಚುವ ಟೈಮರು. ಮಾತಿನಲ್ಲಿ ಅವನು ಏನನ್ನೂ ಬರೆದಿರಲಿಲ್ಲ. ನಾಲ್ಕು ಬಲ್ಬೆಂದರೆ ಎಷ್ಟು ವರ್ಷವೆಂದು ಅಕ್ಕ ಮನಸ್ಸಿನಲ್ಲೇ ಲೆಕ್ಕ ಹಾಕಿದಂತೆ ಕಂಡಿತು. ಸೆರಗಿನಿಂದ ಒಂದೊಂದನ್ನೂ ಒರೆಸಿ ಡಬ್ಬಿಯಲ್ಲಿ ಹತ್ತಿ ಹಾಸಿ ಇಟ್ಟಳು.

ಆಗಸ್ಟ್ ಒಂಬತ್ತರ ಮಧ್ಯಾಹ್ನ ಸಾಹೇಬರು ಬಂದರು. ಮತ್ತೆ ಪ್ಲಗ್ಗು ಓವನ್ನಿನ ತಲೆಯ ಮೇಲೆ. ಹಳೆಯ ಹೋಲ್ಡರನ್ನು ತೆಗೆದು ಹೊಸದನ್ನು ಕೂರಿಸಿದರು. ಕಂದಿದ ತಂತಿಯನ್ನು ಆರೋಗ್ಯವಾಗಿದ್ದ ಜಾಗದ ತನಕ ಕತ್ತರಿಸಿ, ಹೊಸ ತಂತಿಗೆ ಲಗ್ಗು ಹಾಕಿ, ಇಕ್ಕುಳದಲ್ಲಿ ಹಲ್ಲು ಕಚ್ಚಿ ಒತ್ತಿದರು. ಮೇಲೆ ಸ್ವಲ್ಪ ಬೆಸುಗೆ ಹಾಕಿದರೆ ಗಟ್ಟಿಯಲ್ಲವೇ ಎಂದೆ. ನಲವತ್ತೈದು ವರ್ಷ ಬೆಸುಗೆಯ ಹೊಗೆ ಕುಡಿದೇ ಸಂಸಾರ ಸಾಕಿದ ಮನುಷ್ಯ ತಲೆಯಲ್ಲಾಡಿಸಿದರು.

“ಇಲ್ಲಿ ಅದು ನಡೆಯೋದಿಲ್ಲ. ನಮ್ಮ ಸೀಸ-ತವರದ ಬೆಸುಗೆ ೧೮೩ ಡಿಗ್ರಿಗೆ ನೀರಾಗತ್ತೆ. ಇಲ್ಲಿ ಒತ್ತಿ ಹಿಡಿದದ್ದು ನಿಲ್ಲತ್ತೆ, ಅಂಟಿಸಿದ್ದು ನಿಲ್ಲಲ್ಲ.” ಕಪ್ಪು ಟೇಪನ್ನೂ ಹತ್ತಿರಕ್ಕೆ ಬರಗೊಡಲಿಲ್ಲ, ಅದು ಕಾವಿಗೆ ಕರಗಿ ಮೇಣವಾಗುತ್ತದೆ. ಗಾಜಿನ ನೂಲಿನ ತೋಳನ್ನೇ ಲಗ್ಗಿನ ಮೇಲೆ ಎಳೆದು ಮುಚ್ಚಿದರು. ಫೇಸಿನ ತಂತಿ ನಡುವಿನ ನಾಲಗೆಗೇ ಹೋಗುವಂತೆ, ತಿರುಪಿನ ಚಿಪ್ಪಿಗೆ ನ್ಯೂಟ್ರಲ್ಲು ಬರುವಂತೆ ನೋಡಿಕೊಂಡರು. ಬಲ್ಬು ತಿರುಗಿಸುವಾಗ ಬೆರಳು ತಾಗುವುದು ಚಿಪ್ಪಿಗೆ, ಅಲ್ಲಿ ಫೇಸಿರಬಾರದು.

ಎಲ್ಲ ಮುಚ್ಚುವ ಮೊದಲು ಮತ್ತೆ ಮುಳ್ಳಿನ ಮೀಟರು ಹೊರಗೆ ಬಂತು. ಪ್ಲಗ್ಗಿನ ಫೇಸಿನ ಕಡ್ಡಿಗೂ ಓವನ್ನಿನ ಮೈಗೂ ತಾಗಿಸಿದರು. ಮುಳ್ಳು ಏಳಬಾರದು, ಏಳಲಿಲ್ಲ. ಅರ್ಥಿನ ದಪ್ಪ ಕಡ್ಡಿಗೂ ಮೈಗೂ ತಾಗಿಸಿದರು; ಏಳಬೇಕು, ಎದ್ದಿತು. ಮೂರು ಕಡ್ಡಿಯಲ್ಲಿ ಅರ್ಥಿನದನ್ನೇ ಉದ್ದ ಮಾಡಿರುವುದು ಪ್ಲಗ್ಗು ಚುಚ್ಚುವಾಗ ಅದೇ ಮೊದಲು ಸೇರಲಿ, ಕೀಳುವಾಗ ಅದೇ ಕೊನೆಗೆ ಬಿಡಲಿ ಎಂದು. ಒದ್ದೆ ಕೈಯಲ್ಲಿ ಓವನ್ ಮುಟ್ಟುವ ಮನೆಯಲ್ಲಿ ಬೆಳಕಿಗಿಂತ ಮೊದಲು ನೋಡಬೇಕಾದ್ದು ಇದನ್ನು ಎಂದು ಅಕ್ಕನಿಗೆ ಎರಡು ಸಲ, ಮುಖಕ್ಕೆ ಮುಖ ಕೊಟ್ಟು ಹೇಳಿದರು.

ಪ್ಲಗ್ಗು ಚುಚ್ಚಿ ದೀಪದ ಗುಂಡಿ ಒತ್ತಿದಾಗ ಸದ್ದೇನೂ ಆಗಲಿಲ್ಲ. ಗಾಜಿನ ಹಿಂದೆ ಹಳದಿ ಬೆಳಕು ಕುಳಿತಿತ್ತು, ಅಷ್ಟೇ. ತೊಳೆದ ಗುಬುಟಿನಿಂದಾಗಿ ಮೊದಲಿಗಿಂತ ಸ್ವಚ್ಛವಾಗಿತ್ತು. ಅಕ್ಕ ಏನೂ ಹೇಳಲಿಲ್ಲ. ಮಣೆ ಎಳೆದುಕೊಂಡು ಕುಳಿತು, ಖಾಲಿ ಓವನ್ನಿನೊಳಗೆ ಸ್ವಲ್ಪ ಹೊತ್ತು ನೋಡಿ, ಎದ್ದುಹೋಗಿ ಹಿಟ್ಟು ಜರಡಿ ಹಿಡಿಯತೊಡಗಿದಳು. ಸಾಹೇಬರು ಮಜೂರಿ ತೆಗೆದುಕೊಳ್ಳಲು ಹಿಂದೆಮುಂದೆ ನೋಡಿದರು, ಅಕ್ಕ ಬಿಡಲಿಲ್ಲ. ಕೆಲಸಕ್ಕೆ ಕೂಲಿ ಕೊಡದವಳು ತನ್ನ ಬಿಸ್ಕತ್ತಿಗೆ ಬೆಲೆ ಹೇಗೆ ಕೇಳಲಿ ಎಂದಳು.

ಮುನ್ನೂರು ಪೊಟ್ಟಣ ಆಗಸ್ಟ್ ಹದಿನಾಲ್ಕರ ಸಂಜೆಯೇ ಶಾಲೆಗೆ ಹೋಯಿತು. ದನದ ಬಾನಿಗೆ ಒಂದು ಬಿಸ್ಕತ್ತೂ ಬೀಳಲಿಲ್ಲ.

ದೀಪಾವಳಿಗೆ ಮಗ ಬಂದ. ಬಂದವನು ಓವನ್ನಿನ ವಿಷಯವನ್ನೂ ಎತ್ತಲಿಲ್ಲ, ಬೆಂಗಳೂರಿನ ವಿಷಯವನ್ನೂ ಎತ್ತಲಿಲ್ಲ. ನರಕಚತುರ್ದಶಿಯ ಮಾರನೆಯ ದಿನ ನಾನು ಹೋದಾಗ ಅವನು ಅಡುಗೆಮನೆಯಲ್ಲಿ, ಅಕ್ಕನ ಮಣೆಯ ಮೇಲೆ ಮೊಣಕಾಲು ಅಪ್ಪಿಕೊಂಡು ಕುಳಿತಿದ್ದ. ಗಾಜಿನೊಳಗೆ ಎರಡು ಬ್ರೆಡ್ಡು ಮೈದುಂಬಿಕೊಂಡಿದ್ದವು. ಕಪಾಟಿನ ಮೇಲೆ ಅವನು ತಂದುಕೊಟ್ಟ ಟೈಮರು ಕೆಂಪಗೆ ಮಿಂಚತೊಡಗಿತು. ಅವನು ತಾಯಿಯ ಭುಜ ಮುಟ್ಟಿ, ಅವಳು ತಿರುಗಿದ ಮೇಲೆ, “ಅಮ್ಮಾ, ಹೊತ್ತಾಯ್ತು, ತೆಗೀಲಾ?” ಎಂದ.

ಅಕ್ಕ ಬಗ್ಗಿ, ಅವನ ತಲೆಯ ಮೇಲಿನಿಂದ ಗಾಜಿನೊಳಗೆ ನೋಡಿದಳು.

“ಇನ್ನೂ ಬಣ್ಣ ಬರಬೇಕು,” ಎಂದಳು. “ಕೂತ್ಕೋ.”